ಗಣಿತ ಲೋಕದ ಅಲೆಮಾರಿ: ಪಾಲ್ ಏರ್ಡಿಶ್

ನಾವು ಮೊಬೈಲ್‌ನಲ್ಲಿ ಒಂದು ಸಂದೇಶ ಕಳಿಸಿದರೆ ಅದು ಎಷ್ಟೋ ರೂಟರ್‌ಗಳನ್ನು, ಎಷ್ಟೋ ಕೇಬಲ್‌ಗಳನ್ನು ದಾಟಿ ಕ್ಷಣದಲ್ಲಿ ಆಚೆ ತುದಿ ಮುಟ್ಟುತ್ತದೆ. ಈ ರೂಟರ್‌ಗಳನ್ನು ಚುಕ್ಕಿಗಳೆಂದೂ ಕೇಬಲ್‌ಗಳನ್ನು ಗೆರೆಗಳೆಂದೂ ಭಾವಿಸಿ ಬರೆದ ಚಿತ್ರಕ್ಕೆ ಗಣಿತದಲ್ಲಿ ಗ್ರಾಫ್ ಎನ್ನುತ್ತಾರೆ. ನಮ್ಮ ಪಠ್ಯದಲ್ಲಿ ಬರುವ ಎಕ್ಸ್ ಅಕ್ಷ, ವೈ ಅಕ್ಷಗಳ ಗ್ರಾಫ್ ಬೇರೆ, ಇದು ಬೇರೆ. ಇಂಥ ಜಾಲಗಳ ನಕ್ಷೆಗಳನ್ನು ತಾನಾಗಿಯೇ ತಯಾರಿಸುವ ಸಾಫ್ಟ್‌ವೇರ್‌ಗಳು ಇಂದು ಬಳಕೆಯಲ್ಲಿವೆ. ಅವುಗಳ ಮೂಲದಲ್ಲಿರುವ ವಿಚಾರ ಹುಟ್ಟಿದ್ದು ಕಂಪ್ಯೂಟರ್ ಕೊಠಡಿಯಲ್ಲಲ್ಲ. ಸ್ವಂತ ಮನೆಯಿಲ್ಲದೆ, ಸೂಟ್‌ಕೇಸ್ ಹಿಡಿದು ದೇಶದಿಂದ ದೇಶಕ್ಕೆ ತಿರುಗುತ್ತಿದ್ದ ಒಬ್ಬ ಗಣಿತಜ್ಞರ ತಲೆಯಲ್ಲಿ. ಅವರೇ ಹಂಗೇರಿಯ ಪಾಲ್ ಏರ್ಡಿಶ್.

ಬಾಲ್ಯ

ಏರ್ಡಿಶ್ ಹುಟ್ಟಿದ್ದು 1913ರ ಮಾರ್ಚ್ 26ರಂದು, ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ತಂದೆ ಲಾಯೋಶ್, ತಾಯಿ ಅನ್ನಾ ಇಬ್ಬರೂ ಗಣಿತದ ಶಿಕ್ಷಕರು. ಮಗ ಹುಟ್ಟಿದ ಸಂತಸವನ್ನು ಅನುಭವಿಸುವ ಭಾಗ್ಯ ಆ ಮನೆಗೆ ಇರಲಿಲ್ಲ. ಅದೇ ದಿನಗಳಲ್ಲಿ ಮೂರು ಮತ್ತು ಐದು ವರ್ಷದ ಇಬ್ಬರು ಹೆಣ್ಣುಮಕ್ಕಳು ಸ್ಕಾರ್ಲೆಟ್ ಜ್ವರಕ್ಕೆ ಬಲಿಯಾದರು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ತಂದೆ ರಷ್ಯನ್ನರ ಕೈಗೆ ಸೆರೆಸಿಕ್ಕಿ ಸೈಬೀರಿಯಾ ಸೇರಿದರು. ಅವರು ಮನೆಗೆ ಮರಳಿದ್ದು 1920ರಲ್ಲಿ, ಮಗನಿಗೆ ಏಳು ವರ್ಷವಾದಾಗ.

ಇಬ್ಬರು ಮಕ್ಕಳನ್ನು ಕಳೆದುಕೊಂಡ ತಾಯಿಗೆ ಉಳಿದ ಒಬ್ಬನೇ ಮಗ ಕಣ್ಣಿನ ಗೊಂಬೆ. ರೋಗ ತಗುಲೀತೆಂಬ ಭಯದಿಂದ ಅವನನ್ನು ಹೆಚ್ಚು ಕಾಲ ಶಾಲೆಗೇ ಕಳಿಸಲಿಲ್ಲ, ಮನೆಯಲ್ಲಿಯೇ ಪಾಠ ಹೇಳಿಸಿದರು. ತಾಯಿ ಕೆಲಸಕ್ಕೆ ಹೋದಾಗ ಒಂಟಿ ಹುಡುಗನಿಗೆ ಸಂಖ್ಯೆಗಳೇ ಆಟದ ಸಂಗಾತಿಗಳು. ನಾಲ್ಕನೆಯ ವಯಸ್ಸಿಗೇ ಮೂರಂಕಿಯ ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸುತ್ತಿದ್ದ. ನೂರರಲ್ಲಿ ಇನ್ನೂರೈವತ್ತು ಕಳೆದರೆ ಸೊನ್ನೆಗಿಂತ ನೂರೈವತ್ತು ಕೆಳಗೆ ಇಳಿಯುತ್ತದೆ ಎಂಬುದನ್ನು ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡ. ಆದರೆ ತನ್ನ ಬೂಟಿನ ದಾರ ಕಟ್ಟಲು ಬಂದದ್ದು ಹನ್ನೊಂದನೆಯ ವಯಸ್ಸಿಗೆ! ಬ್ರೆಡ್ಡಿಗೆ ತಾನೇ ಬೆಣ್ಣೆ ಸವರಿಕೊಂಡದ್ದು ಇಂಗ್ಲೆಂಡಿಗೆ ಹೋದ ಮೇಲೆ, ಇಪ್ಪತ್ತೊಂದರಲ್ಲಿ.

ವಿಶ್ವವಿದ್ಯಾಲಯದ ಬಾಗಿಲು

1920ರಲ್ಲಿ ಹಂಗೇರಿ ಸರ್ಕಾರ ಒಂದು ಕಾನೂನು ತಂದಿತು. ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಅದರಿಂದ ಮಿತಿ ಬಿತ್ತು. ಹುಟ್ಟಿದ ಸಮುದಾಯದ ಕಾರಣಕ್ಕೆ ಎಷ್ಟೋ ಪ್ರತಿಭಾವಂತರಿಗೆ ಬಾಗಿಲು ಮುಚ್ಚಿತು. ಏರ್ಡಿಶ್ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಗೆದ್ದು, ಆ ಬಲದಿಂದ 1930ರಲ್ಲಿ ಹದಿನೇಳನೆಯ ವಯಸ್ಸಿಗೆ ಬುಡಾಪೆಸ್ಟ್ ವಿಶ್ವವಿದ್ಯಾಲಯದೊಳಗೆ ಕಾಲಿಟ್ಟರು.

ಇಪ್ಪತ್ತು ತುಂಬುವ ಮೊದಲೇ ಅವರ ಹೆಸರು ಹೊರದೇಶದ ಗಣಿತಜ್ಞರ ಕಿವಿಗೆ ಬಿತ್ತು. ಒಂದಕ್ಕಿಂತ ದೊಡ್ಡ ಯಾವುದೇ ಸಂಖ್ಯೆ ಮತ್ತು ಅದರ ಎರಡರಷ್ಟರ ನಡುವೆ ಒಂದಾದರೂ ಅವಿಭಾಜ್ಯ ಸಂಖ್ಯೆ ಇದ್ದೇ ಇರುತ್ತದೆ ಎಂಬ ಪ್ರಮೇಯವೊಂದಿದೆ. ಉದಾಹರಣೆಗೆ 10 ಮತ್ತು 20ರ ನಡುವೆ 11, 13, 17, 19 ಇವೆ. ಇದನ್ನು ರಷ್ಯದ ಚೆಬಿಶೇವ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಾಧಿಸಿದ್ದರು, ಆದರೆ ಆ ಸಾಧನೆ ಕಠಿಣವಾಗಿತ್ತು. ಏರ್ಡಿಶ್ ಅದಕ್ಕೆ ಸರಳವಾದ ಹೊಸ ಸಾಧನೆ ಕೊಟ್ಟರು. ಅದು 1932ರಲ್ಲಿ ಅಚ್ಚಾಯಿತು. 1934ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಹೊರಟರು.

ಆರು ಜನರ ಲೆಕ್ಕ

ಬುಡಾಪೆಸ್ಟ್‌ನಲ್ಲಿ ಓದುವಾಗ ಏರ್ಡಿಶ್ ಮತ್ತು ಗೆಳೆಯರು ಊರಿನ ಉದ್ಯಾನವನದಲ್ಲಿ ಸೇರುತ್ತಿದ್ದರು. ಪಾಲ್ ತುರಾನ್, ಜಾರ್ಜ್ ಸೆಕೆರೆಶ್, ಎಸ್ತರ್ ಕ್ಲೈನ್ ಆ ಬಳಗದಲ್ಲಿದ್ದರು. ಒಬ್ಬರು ಸಮಸ್ಯೆ ಹೇಳುವುದು, ಉಳಿದವರು ಬಿಡಿಸುವುದು. ಈ ಬಳಗವನ್ನು ಸೆಳೆದ ಸಮಸ್ಯೆಗಳ ಜಾತಿಗೆ ಸೇರಿದ ಒಂದು ಸುಲಭ ಲೆಕ್ಕ ಹೀಗಿದೆ.

ಒಂದು ಮದುವೆ ಊಟದಲ್ಲಿ ಆರು ಜನ ಕುಳಿತಿದ್ದಾರೆ. ಅವರಲ್ಲಿ ಪರಸ್ಪರ ಪರಿಚಯವಿರುವ ಮೂವರು ಇರಲೇಬೇಕು, ಇಲ್ಲವೇ ಪರಸ್ಪರ ಪರಿಚಯವೇ ಇಲ್ಲದ ಮೂವರು ಇರಲೇಬೇಕು. ಯಾಕೆ? ಒಬ್ಬರನ್ನು ಆರಿಸಿಕೊಳ್ಳಿ. ಉಳಿದ ಐವರಲ್ಲಿ ಕನಿಷ್ಠ ಮೂವರು ಅವರಿಗೆ ಪರಿಚಿತರು, ಇಲ್ಲವೇ ಕನಿಷ್ಠ ಮೂವರು ಅಪರಿಚಿತರು. ಮೂವರು ಪರಿಚಿತರೆಂದುಕೊಳ್ಳೋಣ. ಆ ಮೂವರಲ್ಲಿ ಯಾರಾದರೂ ಇಬ್ಬರಿಗೆ ಪರಿಚಯವಿದ್ದರೆ, ಮೊದಲಿನವರೂ ಸೇರಿ ಪರಿಚಿತರ ಮೂವರಾದರು. ಯಾರಿಗೂ ಪರಿಚಯವಿಲ್ಲದಿದ್ದರೆ ಆ ಮೂವರೇ ಅಪರಿಚಿತರ ಗುಂಪು. ಅಪರಿಚಿತರಿಂದ ಶುರು ಮಾಡಿದರೂ ಇದೇ ವಾದ. ಮೂವರ ಬದಲು ನಾಲ್ವರ ಗುಂಪು ಬೇಕೆಂದರೆ 18 ಜನ ಬೇಕು. ಐವರ ಗುಂಪಿಗೆ ನಿಖರವಾಗಿ ಎಷ್ಟು ಜನ ಬೇಕೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ!

1947ರಲ್ಲಿ ಏರ್ಡಿಶ್ ಇದೇ ಸಮಸ್ಯೆಗೆ ಹೊಸ ದಾರಿಯಿಂದ ಬಂದರು. ಯಾರಿಗೆ ಯಾರು ಪರಿಚಿತರು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರೆ ಏನಾಗುತ್ತದೆ ಎಂದು ಯೋಚಿಸಿದರು. ಚೀಲದಿಂದ ಕಣ್ಣು ಮುಚ್ಚಿ ತೆಗೆದ ಮಾವಿನಹಣ್ಣು ಕೆಟ್ಟದ್ದಾಗಿರುವ ಸಂಭವನೀಯತೆ 1ಕ್ಕಿಂತ ಕಡಿಮೆ ಎಂದಾದರೆ, ಆ ಚೀಲದಲ್ಲಿ ಒಂದಾದರೂ ಒಳ್ಳೆಯ ಹಣ್ಣು ಇರಲೇಬೇಕಲ್ಲವೇ? ಹಣ್ಣನ್ನು ಹುಡುಕಿ ತೋರಿಸದೆಯೇ ಅದು ಇದೆ ಎಂದು ಸಾಧಿಸಿದಂತಾಯಿತು. ಗಣಿತದಲ್ಲಿ ಇದು ಸಂಭವನೀಯತಾ ವಿಧಾನ ಎಂದು ಹೆಸರಾಯಿತು. ಎರಡನೆಯ ಪಿಯುಸಿಯಲ್ಲಿ ನಾವು ನಾಣ್ಯ, ದಾಳಗಳ ಲೆಕ್ಕ ಮಾಡಿ ಇದರಿಂದ ಏನು ಉಪಯೋಗ ಎಂದುಕೊಳ್ಳುತ್ತೇವೆ. ಉಪಯೋಗ ಮುಂದೆ ಬರುತ್ತದೆ.

ಊರು ಬಿಟ್ಟ ಬದುಕು

1938ರಲ್ಲಿ ಯುರೋಪಿನ ಮೇಲೆ ಹಿಟ್ಲರನ ನೆರಳು ದಟ್ಟವಾದಾಗ ಏರ್ಡಿಶ್ ಅಮೆರಿಕದ ಪ್ರಿನ್ಸ್‌ಟನ್ ಸೇರಿದರು. ತಂದೆ 1942ರಲ್ಲಿ ಬುಡಾಪೆಸ್ಟ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಬಂಧುಗಳಲ್ಲಿ ಹಲವರು ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ತಾಯಿ ಬದುಕುಳಿದಿದ್ದರು. ಹತ್ತು ವರ್ಷಗಳ ಬಳಿಕ, 1948ರಲ್ಲಿ, ಮಗ ತಾಯಿಯ ಮುಖ ನೋಡಿದರು.

ಅಮೆರಿಕದಲ್ಲಿಯೂ ಅವರಿಗೆ ನೆಮ್ಮದಿ ಇರಲಿಲ್ಲ. 1941ರಲ್ಲಿ ಇಬ್ಬರು ಗೆಳೆಯರೊಂದಿಗೆ ಗಣಿತದ ಮಾತಿನಲ್ಲಿ ಮೈಮರೆತು ನಡೆಯುತ್ತ ಲಾಂಗ್ ಐಲೆಂಡಿನ ಒಂದು ರಕ್ಷಣಾ ರೇಡಿಯೋ ಕೇಂದ್ರದ ಬಳಿ ಹೋಗಿ ಪೊಲೀಸರ ಕೈಗೆ ಸಿಕ್ಕಿದ್ದರು. ಗೂಢಚಾರರಲ್ಲವೆಂದು ತಿಳಿದು ಬಿಟ್ಟರೂ ಕಡತದಲ್ಲಿ ಹೆಸರು ಉಳಿಯಿತು. ಚೀನಾದ ಗಣಿತಜ್ಞರೊಬ್ಬರೊಂದಿಗೆ ಪತ್ರವ್ಯವಹಾರವೂ ಇತ್ತು, ಅದು ಸಂಖ್ಯೆಗಳ ವಿಷಯದ ಪತ್ರ. 1954ರಲ್ಲಿ ಆಮ್‌ಸ್ಟರ್‌ಡಾಮ್ ಸಮ್ಮೇಳನಕ್ಕೆ ಹೋಗುವುದಾದರೆ ಮರಳಿ ಬರಲು ಅನುಮತಿ ಸಿಗದು ಎಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಏರ್ಡಿಶ್ ಹೊರಟೇಬಿಟ್ಟರು. ಮುಂದೆ ಹಲವು ವರ್ಷ ಅಮೆರಿಕದ ಬಾಗಿಲು ಅವರಿಗೆ ಸರಿಯಾಗಿ ತೆರೆಯಲಿಲ್ಲ.

ಅಲ್ಲಿಂದ ಅವರ ಜೀವನ ಪೂರ್ತಿ ಅಲೆದಾಟ. ಮನೆ ಇಲ್ಲ, ಮದುವೆ ಇಲ್ಲ, ಖಾಯಂ ನೌಕರಿ ಇಲ್ಲ. ಬಟ್ಟೆಬರೆ, ಕಾಗದಪತ್ರಗಳೆಲ್ಲ ಸೂಟ್‌ಕೇಸಿನಲ್ಲಿ. ಒಂದೂರಿನ ಗಣಿತಜ್ಞರ ಮನೆಯಲ್ಲಿ ಇಳಿದುಕೊಳ್ಳುವುದು, ಅವರೊಂದಿಗೆ ಹಗಲು ರಾತ್ರಿ ಸಮಸ್ಯೆ ಬಿಡಿಸುವುದು, ಪ್ರಬಂಧ ಮುಗಿದ ಮೇಲೆ ಮುಂದಿನ ಊರು. 1964ರಿಂದ ಎಂಬತ್ತು ದಾಟಿದ ತಾಯಿಯೂ ಮಗನ ಜೊತೆ ದೇಶ ಸುತ್ತಲು ಹೊರಟರು. 1971ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಇಂಥದೇ ಒಂದು ಪ್ರವಾಸದಲ್ಲಿ ಅವರು ತೀರಿಕೊಂಡರು. ಆ ದುಃಖದಿಂದ ಏರ್ಡಿಶ್ ಪೂರ್ತಿಯಾಗಿ ಹೊರಬರಲೇ ಇಲ್ಲ. ಇನ್ನೂ ಹೆಚ್ಚು ಕೆಲಸದಲ್ಲಿ ಮುಳುಗಿದರು.

ರೋಣ, ನರಗುಂದ, ಗಜೇಂದ್ರಗಡ: ಮೂರು ಚುಕ್ಕಿ

ಏರ್ಡಿಶ್ ಜೊತೆ ಅತಿ ಮುಖ್ಯ ಕೆಲಸ ಮಾಡಿದವರಲ್ಲಿ ಒಬ್ಬರು ಹಂಗೇರಿಯವರೇ ಆದ ಆಲ್ಫ್ರೆಡ್ ರೇನಿ. 1944ರಲ್ಲಿ ರೇನಿಯವರನ್ನು ಬಲವಂತದ ದುಡಿಮೆಯ ಶಿಬಿರಕ್ಕೆ ಹಾಕಿದ್ದರು. ಅಲ್ಲಿಂದ ತಪ್ಪಿಸಿಕೊಂಡು, ಸೈನಿಕನ ಸಮವಸ್ತ್ರ ತೊಟ್ಟು, ತಂದೆತಾಯಿಯನ್ನು ಕೂಡಿಹಾಕಿದ್ದ ಕೇರಿಯೊಳಗೆ ನಡೆದು ಅವರನ್ನು ಹೊರಗೆ ಕರೆತಂದ ಧೈರ್ಯಶಾಲಿ. ಈ ಇಬ್ಬರೂ 1959 ಮತ್ತು 1960ರಲ್ಲಿ ಬರೆದ ಪ್ರಬಂಧಗಳಿಂದ ಯಾದೃಚ್ಛಿಕ ಗ್ರಾಫ್‌ಗಳ ಶಾಸ್ತ್ರ ನೆಲೆಯೂರಿತು. ಅದೇ 1959ರಲ್ಲಿ ಅಮೆರಿಕದ ಬೆಲ್ ದೂರವಾಣಿ ಪ್ರಯೋಗಾಲಯದ ಎಡ್ಗರ್ ಗಿಲ್ಬರ್ಟ್ ಕೂಡ ಬೇರೆಯಾಗಿ ಇದೇ ವಿಚಾರಕ್ಕೆ ತಲುಪಿದ್ದರು.

ನಮ್ಮ ಊರುಗಳಿಂದಲೇ ಇದನ್ನು ಅರ್ಥ ಮಾಡಿಕೊಳ್ಳಬಹುದು. ರೋಣ, ನರಗುಂದ, ಗಜೇಂದ್ರಗಡ ಎಂದು ಮೂರು ಚುಕ್ಕಿ ಇಡಿ. ಇವುಗಳ ನಡುವೆ ಮೂರು ಜೋಡಿಗಳಿವೆ. ಪ್ರತಿ ಜೋಡಿಗೂ ಒಂದು ನಾಣ್ಯ ಚಿಮ್ಮಿ. ಹೆಡ್ ಬಿದ್ದರೆ ಕೇಬಲ್ ಎಳೆಯಿರಿ, ಟೇಲ್ ಬಿದ್ದರೆ ಬಿಡಿ. ಒಟ್ಟು 8 ಬಗೆಯ ಜಾಲಗಳು ಸಾಧ್ಯ. ಮೂರೂ ಕೇಬಲ್ ಇರುವ ಜಾಲ ಒಂದು, ಎರಡು ಕೇಬಲ್ ಇರುವವು ಮೂರು. ಈ ನಾಲ್ಕರಲ್ಲಿ ಮಾತ್ರ ಯಾವ ಊರಿನಿಂದಲಾದರೂ ಯಾವ ಊರಿಗಾದರೂ ಸಂದೇಶ ಹೋಗುತ್ತದೆ. ಅಂದರೆ ಜಾಲ ಒಂದಾಗಿರುವ ಸಂಭವನೀಯತೆ 4/8, ಅರ್ಧ.

ಈಗ ಮೂರರ ಬದಲು 100 ಊರು ತೆಗೆದುಕೊಳ್ಳಿ. ಪ್ರಥಮ ಪಿಯುಸಿಯ ವಿಕಲ್ಪಗಳ ಸೂತ್ರದಂತೆ 4950 ಜೋಡಿಗಳಾಗುತ್ತವೆ. ಒಂದೊಂದಾಗಿ, ಮನಸ್ಸಿಗೆ ಬಂದ ಜೋಡಿಗೆ, ಕೇಬಲ್ ಎಳೆಯುತ್ತ ಹೋಗಿ. ಮೊದಮೊದಲು ಎರಡೂರು, ಮೂರೂರುಗಳ ಚಿಕ್ಕ ಚಿಕ್ಕ ಗುಂಪುಗಳು. ಕೇಬಲ್‌ಗಳ ಸಂಖ್ಯೆ 50ನ್ನು, ಅಂದರೆ ಊರುಗಳ ಸಂಖ್ಯೆಯ ಅರ್ಧವನ್ನು, ದಾಟಿದ ಮೇಲೆ ಆಟ ಬದಲಾಗುತ್ತದೆ. ಚಿಕ್ಕ ಗುಂಪುಗಳು ಒಂದಕ್ಕೊಂದು ಅಂಟಿಕೊಂಡು ಒಂದು ದೊಡ್ಡ ಗುಂಪು ಬೆಳೆಯುತ್ತದೆ. 100 ಕೇಬಲ್ ಆಗುವಷ್ಟರಲ್ಲಿ ಸುಮಾರು 80 ಊರುಗಳು ಆ ಒಂದೇ ಗುಂಪಿನಲ್ಲಿರುತ್ತವೆ. ಉಳಿದ ಕೆಲವೇ ಒಂಟಿ ಊರುಗಳು ಸೇರಬೇಕಾದರೆ ಮಾತ್ರ ಬಹಳ ಕಾಯಬೇಕು. 230ರ ಆಸುಪಾಸಿನವರೆಗೆ ಕೇಬಲ್ ಎಳೆಯಬೇಕು. ಅದಕ್ಕಿಂತ ಬಹಳ ಕಡಿಮೆಯಾದರೆ ಯಾವುದೋ ಊರು ಹೊರಗುಳಿಯುವುದು ಬಹುತೇಕ ಖಚಿತ, ಬಹಳ ಹೆಚ್ಚಾದರೆ ಎಲ್ಲ ಊರೂ ಒಂದಾಗುವುದು ಬಹುತೇಕ ಖಚಿತ. 4950ರಲ್ಲಿ 230 ಎಂದರೆ ನೂರಕ್ಕೆ ಐದೂ ಇಲ್ಲ. ಕುರುಡಾಗಿ ಎಳೆದ ಗೆರೆಗಳಲ್ಲಿಯೂ ಇಂಥ ಕಟ್ಟುನಿಟ್ಟಾದ ನಿಯಮವಿದೆ ಎಂದು ಏರ್ಡಿಶ್ ಮತ್ತು ರೇನಿ ತೋರಿಸಿಕೊಟ್ಟರು.

ನಕ್ಷೆ ತಯಾರಿಸುವ ಸಾಫ್ಟ್‌ವೇರ್

ಈ ಪ್ರಬಂಧಗಳು ಬಂದಾಗ ಇಂಟರ್‌ನೆಟ್ ಇರಲೇ ಇಲ್ಲ. ಅದರ ಪೂರ್ವಜವಾದ ಅರ್ಪಾನೆಟ್ 1969ರ ಕೊನೆಗೆ ಬರೀ ನಾಲ್ಕು ಕೇಂದ್ರಗಳ ಜಾಲವಾಗಿತ್ತು. ಜಾಲ ಬೆಳೆದಂತೆ ಎಂಜಿನಿಯರುಗಳಿಗೆ ಒಂದು ತೊಡಕು ಎದುರಾಯಿತು. ಸಂದೇಶಕ್ಕೆ ದಾರಿ ಹುಡುಕುವ ಹೊಸ ವಿಧಾನವನ್ನು ಪರೀಕ್ಷಿಸುವುದು ಎಲ್ಲಿ? ಜನ ಬಳಸುತ್ತಿರುವ ಜಾಲದ ಮೇಲೆ ಪ್ರಯೋಗ ಮಾಡುವಂತಿಲ್ಲ. ಇಡೀ ಇಂಟರ್‌ನೆಟ್‌ನ ಪೂರ್ಣ ನಕ್ಷೆ ಯಾರ ಕೈಯಲ್ಲಿಯೂ ಇಲ್ಲ. ಆದ್ದರಿಂದ ನಿಜವಾದದ್ದನ್ನು ಹೋಲುವ ಕೃತಕ ನಕ್ಷೆಗಳನ್ನು ಕಂಪ್ಯೂಟರಿನಲ್ಲಿಯೇ ತಯಾರಿಸಿ, ಅವುಗಳ ಮೇಲೆ ಪರೀಕ್ಷೆ ಮಾಡತೊಡಗಿದರು. ಹೀಗೆ ತಯಾರಿಸಲು ಎಲ್ಲಕ್ಕಿಂತ ಸರಳ ವಿಧಾನವೇ ಏರ್ಡಿಶ್–ರೇನಿ ಮಾದರಿ. ಎಷ್ಟು ಚುಕ್ಕಿ, ಎಷ್ಟು ಸಂಭವನೀಯತೆ ಎಂದು ಹೇಳಿದರೆ ಸಾಕು, ಪ್ರತಿ ಜೋಡಿಗೂ ಕಂಪ್ಯೂಟರ್ ನಾಣ್ಯ ಚಿಮ್ಮುತ್ತದೆ.

ಆದರೆ ನಿಜವಾದ ಕೇಬಲ್‌ಗಳು ನಾಣ್ಯ ಚಿಮ್ಮಿ ಹಾಕಿದವಲ್ಲ. ದೂರ ಹೆಚ್ಚಿದಂತೆ ಖರ್ಚು ಹೆಚ್ಚು. 1988ರಲ್ಲಿ ಬರ್ನಾರ್ಡ್ ವ್ಯಾಕ್ಸ್‌ಮನ್ ಒಂದು ತಿದ್ದುಪಡಿ ತಂದರು. ಹತ್ತಿರದ ಚುಕ್ಕಿಗಳ ನಡುವೆ ಗೆರೆ ಬೀಳುವ ಸಾಧ್ಯತೆ ಹೆಚ್ಚು, ದೂರದವುಗಳ ನಡುವೆ ಕಡಿಮೆ. 1990ರ ದಶಕದಲ್ಲಿ ಜಾರ್ಜಿಯಾ ಟೆಕ್ ಸಂಸ್ಥೆಯ ಸಾಫ್ಟ್‌ವೇರ್ ಮುಖ್ಯ ಜಾಲಗಳಿಗೆ ಚಿಕ್ಕ ಜಾಲಗಳು ನೇತುಬಿದ್ದಂತೆ ನಕ್ಷೆ ಬರೆಯಿತು. 1999ರಲ್ಲಿ ಫಲೌಟ್ಸೋಸ್ ಎಂಬ ಮೂವರು ಸಹೋದರರು ಇಂಟರ್‌ನೆಟ್ಟಿನ ಮಾಹಿತಿ ಅಳೆದು ಹೊಸ ಸಂಗತಿ ಕಂಡರು. ಹೆಚ್ಚಿನ ಚುಕ್ಕಿಗಳಿಗೆ ಒಂದೆರಡೇ ಗೆರೆಗಳು, ಕೆಲವೇ ಕೆಲವಕ್ಕೆ ನೂರಾರು. ನಮ್ಮ ಬಸ್ಸುಗಳ ಹಾಗೆಯೇ. ಹಳ್ಳಿಯ ನಿಲ್ದಾಣಕ್ಕೆ ಒಂದೋ ಎರಡೋ ದಾರಿಯ ಬಸ್ಸು, ಗದಗ ಹುಬ್ಬಳ್ಳಿಗಳಿಗೆ ಎಲ್ಲ ದಿಕ್ಕಿನ ಬಸ್ಸು. ಅದೇ ವರ್ಷ ಬರಬಾಶಿ ಮತ್ತು ರೇಕಾ ಆಲ್ಬರ್ಟ್ ಇದಕ್ಕೊಂದು ಕಾರಣ ಸೂಚಿಸಿದರು. ಹೊಸದಾಗಿ ಬರುವ ಚುಕ್ಕಿ, ಈಗಾಗಲೇ ಹೆಚ್ಚು ಸಂಪರ್ಕವಿರುವ ಚುಕ್ಕಿಗೇ ಅಂಟಿಕೊಳ್ಳಲು ನೋಡುತ್ತದೆ. ಬೋಸ್ಟನ್ ವಿಶ್ವವಿದ್ಯಾಲಯದ ಬ್ರೈಟ್ ಎಂಬ ಸಾಫ್ಟ್‌ವೇರ್ ಇಂಥ ಮಾದರಿಗಳನ್ನು ಒಂದೇ ಕಡೆ ಒದಗಿಸಿತು.

ಹಾಗಾದರೆ ಏರ್ಡಿಶ್ ಮಾದರಿ ತಪ್ಪಾಯಿತೇ? ಹಾಗಲ್ಲ. ನಿಜವಾದ ಜಾಲದಲ್ಲಿ ವಿಶೇಷವೇನಿದೆ ಎಂದು ತಿಳಿಯಬೇಕಾದರೆ, ಯಾವ ವಿಶೇಷವೂ ಇಲ್ಲದ ಜಾಲ ಹೇಗಿರುತ್ತದೆ ಎಂದು ಗೊತ್ತಿರಬೇಕು. ಆ ಅಳತೆಗೋಲನ್ನು ಕೊಟ್ಟವರು ಏರ್ಡಿಶ್ ಮತ್ತು ರೇನಿ.

ಜಾಲ ಎಲ್ಲಿ ಕಡಿದೀತು ಎಂಬುದು ನಮಗೆ ಬರೀ ಪುಸ್ತಕದ ಪ್ರಶ್ನೆಯಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ ತಾಲೂಕಿನ ಕೊಣ್ಣೂರಿನ ಬಳಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಬಂದ್ ಆಯಿತು. ಗ್ರಾಫಿನ ಭಾಷೆಯಲ್ಲಿ ಒಂದು ಗೆರೆ ಅಳಿಸಿತು, ಅಷ್ಟೇ. ಆದರೆ ಆ ಗೆರೆಯ ಆಚೆ ಈಚೆ ಸಿಕ್ಕಿಕೊಂಡವರಿಗೆ ಅದರ ಬೆಲೆ ಗೊತ್ತು. ಇನ್ನೊಂದು ದಾರಿ ಇದೆಯೇ, ಇಲ್ಲದಿದ್ದರೆ ಎಲ್ಲಿ ಇರಬೇಕು ಎಂದು ನೆರೆ ಬರುವ ಮೊದಲೇ ಲೆಕ್ಕ ಹಾಕಿಡುವುದು ರಸ್ತೆಗೂ ಬೇಕು, ನೆಟ್‌ವರ್ಕಿಗೂ ಬೇಕು. ಕೃತಕ ನಕ್ಷೆಗಳ ಮೇಲೆ ಎಂಜಿನಿಯರುಗಳು ಮಾಡುವುದು ಇದನ್ನೇ.

ಒಂದು ಪತ್ರಕ್ಕೆ ಓಗೊಟ್ಟವರು

ಏರ್ಡಿಶ್ ಭಾರತಕ್ಕೂ ಬಂದಿದ್ದರು. ಮದ್ರಾಸಿನಲ್ಲಿ ಪದವಿ ಓದುತ್ತಿದ್ದ ಕೃಷ್ಣಸ್ವಾಮಿ ಅಲ್ಲಾಡಿ ಎಂಬ ಯುವಕ ತನ್ನ ಸಂಖ್ಯಾ ಸಿದ್ಧಾಂತದ ಪ್ರಶ್ನೆಗಳನ್ನು ಪತ್ರದಲ್ಲಿ ಬರೆದು ಅವರಿಗೆ ಕಳಿಸಿದ್ದ. ಜಗತ್ಪ್ರಸಿದ್ಧ ಗಣಿತಜ್ಞರು ಉತ್ತರ ಬರೆದದ್ದಷ್ಟೇ ಅಲ್ಲ, 1975ರ ಆರಂಭದಲ್ಲಿ ಕಲ್ಕತ್ತೆಯಿಂದ ಆಸ್ಟ್ರೇಲಿಯಾಕ್ಕೆ ಹೋಗಬೇಕಿದ್ದ ತಮ್ಮ ಪ್ರಯಾಣವನ್ನು ಬದಲಿಸಿ, ಆ ವಿದ್ಯಾರ್ಥಿಯನ್ನು ಕಾಣಲು ಮದ್ರಾಸಿಗೆ ಬಂದರು. ಇಬ್ಬರೂ ಸೇರಿ ಮುಂದೆ ಪ್ರಬಂಧಗಳನ್ನು ಬರೆದರು. ಮದ್ರಾಸಿನ ಉಪನ್ಯಾಸಕ್ಕೆ ಬಂದ ಗೌರವಧನವನ್ನು ಏರ್ಡಿಶ್ ಶ್ರೀನಿವಾಸ ರಾಮಾನುಜನ್ ಅವರ ಪತ್ನಿಗೆ ಕೊಟ್ಟುಬಿಟ್ಟರು. ರಾಮಾನುಜನ್ ಅವರನ್ನು ಏರ್ಡಿಶ್ ನೋಡಿದವರಲ್ಲ, ಅವರ ಗಣಿತವನ್ನು ಮಾತ್ರ ಬಲ್ಲವರು.

ಹಣದ ವಿಷಯದಲ್ಲಿ ಅವರು ಯಾವಾಗಲೂ ಹೀಗೆಯೇ. 1980ರ ದಶಕದಲ್ಲಿ ವುಲ್ಫ್ ಪ್ರಶಸ್ತಿಯ 50,000 ಡಾಲರ್ ಬಂದಾಗ ತಮಗೆಂದು 720 ಡಾಲರ್ ಇಟ್ಟುಕೊಂಡು ಉಳಿದದ್ದನ್ನು ಹಂಚಿದರು. ತಾವು ಬಿಡಿಸಲಾಗದ ಸಮಸ್ಯೆಗಳಿಗೆ ತಮ್ಮ ಕೈಯಿಂದಲೇ ಬಹುಮಾನ ಘೋಷಿಸುತ್ತಿದ್ದರು. ಹತ್ತು ಡಾಲರಿನಿಂದ ಸಾವಿರಾರು ಡಾಲರಿನವರೆಗೆ, ಸಮಸ್ಯೆಯ ಕಷ್ಟಕ್ಕೆ ತಕ್ಕಂತೆ.

ಗ್ರಾಫ್ ಶಾಸ್ತ್ರ ನಮ್ಮಿಂದ ದೂರವೇನಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇ. ಸಂಪತ್ಕುಮಾರ್ ಮತ್ತು ಎಚ್.ಬಿ. ವಾಲೀಕಾರ ಅವರು 1979ರಲ್ಲಿ ಗ್ರಾಫ್‌ಗಳ ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಜಾಲದಿಂದ ಕೆಲವೇ ಚುಕ್ಕಿಗಳನ್ನು ಆರಿಸಬೇಕು. ಆರಿಸಿದವು ತಮ್ಮತಮ್ಮಲ್ಲಿ ಕೂಡಿಕೊಂಡಿರಬೇಕು, ಉಳಿದ ಪ್ರತಿಯೊಂದು ಚುಕ್ಕಿಯೂ ಇವುಗಳಲ್ಲಿ ಒಂದಕ್ಕಾದರೂ ನೇರ ಹೊಂದಿಕೊಂಡಿರಬೇಕು. ಕನಿಷ್ಠ ಎಷ್ಟು ಚುಕ್ಕಿ ಸಾಕು? ವರ್ಷಗಳ ಮೇಲೆ ವೈರ್‌ಲೆಸ್ ಜಾಲಗಳು ಬಂದಾಗ, ಸಂದೇಶ ಸಾಗಿಸುವ ಬೆನ್ನೆಲುಬನ್ನು ಆರಿಸಲು ಇದೇ ವಿಚಾರ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ನಮ್ಮಲ್ಲಿ ಎಷ್ಟೋ ಜನ ಪದವಿಗೆ ಹೋಗುವ ಊರು ಧಾರವಾಡ. ಅಲ್ಲಿ ಕೂತು ಕಾಗದದ ಮೇಲೆ ಮಾಡಿದ ಕೆಲಸ ಇದು.

ಕೊನೆಯ ದಿನಗಳು

ಏರ್ಡಿಶ್ ಸುಮಾರು 1500 ಪ್ರಬಂಧಗಳನ್ನು ಬರೆದರು. ಅವರ ಜೊತೆ ಬರೆದವರು 500ಕ್ಕೂ ಹೆಚ್ಚು. ಈ ಸಹಬರಹಗಾರರೇ ಒಂದು ದೊಡ್ಡ ಗ್ರಾಫ್ ಆಗಿದ್ದಾರೆ. ಏರ್ಡಿಶ್ ಜೊತೆ ನೇರವಾಗಿ ಬರೆದವರ ಏರ್ಡಿಶ್ ಸಂಖ್ಯೆ 1, ಅವರೊಂದಿಗೆ ಬರೆದವರದು 2, ಹೀಗೆ ಗಣಿತಜ್ಞರು ಇಂದಿಗೂ ಪ್ರೀತಿಯಿಂದ ಎಣಿಸುತ್ತಾರೆ. 1996ರ ಸೆಪ್ಟೆಂಬರ್ 20ರಂದು, ಪೋಲೆಂಡಿನ ವಾರ್ಸಾದಲ್ಲಿ ಸಮ್ಮೇಳನಕ್ಕೆಂದು ಬಂದಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 83 ವರ್ಷ. ಬುಡಾಪೆಸ್ಟ್‌ನಲ್ಲಿ ತಂದೆತಾಯಿಯ ಪಕ್ಕದಲ್ಲಿ ಅವರ ಸಮಾಧಿಯಿದೆ.

ಗಣಿತ ಕಲಿಯಲು ದೊಡ್ಡ ಊರು, ದೊಡ್ಡ ಕೋಚಿಂಗ್, ದುಬಾರಿ ಲ್ಯಾಪ್‌ಟಾಪ್ ಬೇಕು ಎಂದು ಕೈಚೆಲ್ಲುವವರು ನಮ್ಮಲ್ಲಿ ಇದ್ದಾರೆ. ಏರ್ಡಿಶ್ ಬಳಿ ಇದ್ದದ್ದು ಕಾಗದ, ಪೆನ್ನು ಮತ್ತು ಮಾತಾಡಲು ಗೆಳೆಯರು. ಅವರಿಗೆ ಬಾಗಿಲು ಮುಚ್ಚಿದ ದೇಶಗಳಿದ್ದವು, ಆದರೆ ಪ್ರಶ್ನೆ ಹೊತ್ತು ಬಂದ ಯಾವ ವಿದ್ಯಾರ್ಥಿಗೂ ಅವರು ಬಾಗಿಲು ಮುಚ್ಚಲಿಲ್ಲ. ತಿಳಿದದ್ದನ್ನು ಪಕ್ಕದವರಿಗೆ ಹೇಳಿಕೊಡುವುದು, ತಿಳಿಯದ್ದನ್ನು ನಾಚಿಕೆಯಿಲ್ಲದೆ ಕೇಳುವುದು, ಇವೆರಡನ್ನು ನಾವೂ ಇಂದೇ ಶುರು ಮಾಡಬಹುದು.

ನೀವೂ ಮಾಡಿ ನೋಡಿ: ರೋಣ, ನರಗುಂದ, ಗಜೇಂದ್ರಗಡಗಳ ಜೊತೆಗೆ ನರೇಗಲ್ಲನ್ನೂ ಸೇರಿಸಿ ನಾಲ್ಕು ಚುಕ್ಕಿ ಇಡಿ. ಈಗ ಆರು ಜೋಡಿ, 64 ಬಗೆಯ ಜಾಲಗಳು. ಇವುಗಳಲ್ಲಿ ನಾಲ್ಕೂ ಊರು ಒಂದಾಗಿರುವವು ಎಷ್ಟು? 38 ಬಂದರೆ ನಿಮ್ಮ ಎಣಿಕೆ ಸರಿ. ಮೂರು ಊರಿಗಿದ್ದ ಅರ್ಧ ಸಂಭವನೀಯತೆ ಈಗ ಹೆಚ್ಚಾಯಿತೋ ಕಡಿಮೆಯಾಯಿತೋ, ಯಾಕೆ ಎಂಬುದನ್ನು ಬರೆದು ನಿಮ್ಮ ಗಣಿತ ಉಪನ್ಯಾಸಕರಿಗೆ ತೋರಿಸಿ.